ಗಾಜಿನ ಗೂಡಿನ ಇರುವೆ: ದಯೆಯೋ ಬಂಧನವೋ?

ಜೀವಗಳನ್ನು ಇಂದ್ರಿಯಗಳ ಗಣನೆಯಿಂದ ವಿಂಗಡಿಸಿದ ಜೈನಾಚಾರ್ಯರು ಮೂರು ಇಂದ್ರಿಯಗಳುಳ್ಳ ಜೀವಕ್ಕೆ ನಿದರ್ಶನವಾಗಿ ಇರುವೆಯನ್ನೇ ಆರಿಸಿಕೊಂಡರು. ತತ್ತ್ವಾರ್ಥಸೂತ್ರದ 2ನೆಯ ಅಧ್ಯಾಯದಲ್ಲಿ ಕ್ರಿಮಿ, ಇರುವೆ, ದುಂಬಿ, ಮನುಷ್ಯ ಎಂಬ ಕ್ರಮದಲ್ಲಿ ಒಂದೊಂದು ಇಂದ್ರಿಯ ಹೆಚ್ಚುತ್ತ ಹೋಗುತ್ತದೆ. ಇಂತಹ ಇರುವೆಯನ್ನು ಗಾಜಿನ ಗೂಡಿನಲ್ಲಿಟ್ಟು ಸಾಕುವ ಹವ್ಯಾಸವೊಂದು ವಿದೇಶಗಳಲ್ಲಿ ಬೆಳೆದು, ಈಗ ನಮ್ಮ ನಗರಗಳಿಗೂ ಕಾಲಿಟ್ಟಿದೆ. ದಾವಣಗೆರೆ, ಹರಿಹರಗಳ ಮಕ್ಕಳು ಅದನ್ನು ಮೊಬೈಲಿನಲ್ಲಿ ಕಂಡು ತಮಗೂ ಬೇಕೆಂದರೆ ತಂದೆತಾಯಿಗಳು ಏನು ಹೇಳಬೇಕು? ಜೀವಪ್ರೀತಿಯೆಂದು ಒಪ್ಪಬೇಕೋ, ಬಂಧನವೆಂದು ತಡೆಯಬೇಕೋ?

ಈ ಹವ್ಯಾಸದ ಪರವಾದ ವಾದವನ್ನು ಮೊದಲು ನ್ಯಾಯವಾಗಿ ಆಲಿಸಬೇಕು. ಇಂಗ್ಲೆಂಡಿನ ಜಾನ್ ಲಬಕ್ ಎಂಬ ವಿದ್ವಾಂಸರು ಗಾಜಿನ ಹಲಗೆಗಳ ನಡುವೆ ಮಣ್ಣು ತುಂಬಿ, ಸುತ್ತಲೂ ನೀರಿನ ಕಂದಕವಿಟ್ಟು ಮನೆಯಲ್ಲಿಯೇ ಇರುವೆಗಳನ್ನು ಸಾಕಿದರು. 1882ರಲ್ಲಿ ಇರುವೆ, ಜೇನು, ಕಣಜಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. ಅವರ ಬಳಿ ರಾಣಿ ಇರುವೆಯೊಂದು ಹದಿನಾಲ್ಕು ವರ್ಷಗಳಿಗೂ ಮೇಲೆ ಬದುಕಿತ್ತು. ಮನುಷ್ಯನ ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಇರುವೆಗಳು ಗುರುತಿಸುತ್ತವೆಂದು ಜಗತ್ತಿಗೆ ತೋರಿಸಿದವರೂ ಅವರೇ. ಜ್ಞಾನದ ಈ ಲಾಭ ಅಲ್ಪವೇನಲ್ಲ. ಆದರೆ ಅದೇ ಗ್ರಂಥದಲ್ಲಿ ಇರುವೆಗಳಿಗೆ ಮದ್ಯದ ಅಮಲೇರಿಸಿದ ಪ್ರಯೋಗವೂ ಇದೆ. ಅಮಲೇರಿದ ತಮ್ಮ ಗೂಡಿನವರನ್ನು ಇರುವೆಗಳು ಬಹುಪಾಲು ಮನೆಗೆ ಹೊತ್ತೊಯ್ದವು, ಪರಗೂಡಿನವರನ್ನು ನೀರಿಗೆಸೆದವು. ಬಂಧುವನ್ನು ಗುರುತಿಸಿ ಹೊತ್ತೊಯ್ಯಬಲ್ಲ ಜೀವವನ್ನು ಆಟದ ವಸ್ತುವಾಗಿ ಕಾಣಲು ಅಧಿಕಾರವೆಲ್ಲಿಯದು ಎಂಬ ಪ್ರಶ್ನೆ ಆ ಪುಟಗಳಲ್ಲಿ ಏಳುವುದಿಲ್ಲ. ಅದೇ ಆ ಗ್ರಂಥದ ಕೊರತೆ.

ಇಲ್ಲಿ ಇನ್ನೊಂದು ಆಕ್ಷೇಪವುಂಟು. ಇರುವೆಗೆ ಸ್ಪರ್ಶ, ರಸ, ಗಂಧ ಮಾತ್ರವೆಂದು ಶಾಸ್ತ್ರ ಹೇಳಿದರೆ, ಹೆಚ್ಚಿನ ಇರುವೆಗಳಿಗೆ ಕಣ್ಣೂ ಇದೆಯೆಂದು ವಿಜ್ಞಾನ ಹೇಳುತ್ತದೆ. ಇದರಿಂದ ಕಳವಳಪಡಬೇಕಾಗಿಲ್ಲ. ಶಾಸ್ತ್ರದ ವಿಂಗಡಣೆಯ ಉದ್ದೇಶ ಶ್ರಾವಕನಿಗೆ ಹೊಣೆಯನ್ನು ತಿಳಿಸುವುದು. ಇಂದ್ರಿಯ ಹೆಚ್ಚಿದಷ್ಟೂ ಹಿಂಸೆಯ ಭಾರ ಹೆಚ್ಚುವುದಾದರೆ, ಇರುವೆಗೆ ಕಣ್ಣಿದೆಯೆಂಬ ತಿಳಿವಳಿಕೆಯಿಂದ ಎಚ್ಚರ ಇಮ್ಮಡಿಯಾಗಬೇಕೇ ಹೊರತು ಸಡಿಲವಾಗಬಾರದು.

ಇನ್ನು ಸಾಕಣೆಯ ಒಳಗನ್ನು ನೋಡಬೇಕು. ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದಾಗಿ ಬಂಧವನ್ನೂ ಕೊನೆಯದಾಗಿ ಅನ್ನಪಾನನಿರೋಧವನ್ನೂ ಹೇಳುತ್ತದೆ. ಗಾಜಿನ ಗೂಡು ಬಂಧವೇ ಸರಿ. ಒಳಗಿನ ಜೀವಕ್ಕೆ ತಾನಾಗಿ ಆಹಾರ ಅರಸುವ ದಾರಿಯಿಲ್ಲ. ಮನೆಯವರು ಊರಿಗೆ ಹೋದರೆ, ಮಗುವಿನ ಆಸಕ್ತಿ ತೀರಿದರೆ ಅನ್ನಪಾನನಿರೋಧವೂ ತಪ್ಪದು. ಇದಕ್ಕಿಂತ ಗಂಭೀರವಾದ ಸಂಗತಿ ಬೇರೆಯಿದೆ. ಸಕ್ಕರೆಯ ನೀರು ದುಡಿಯುವ ಇರುವೆಗೆ ಸಾಕಾದೀತು. ಮರಿಹುಳುಗಳು ಬೆಳೆಯಲು ಹೆಚ್ಚಿನ ಜಾತಿಗಳಲ್ಲಿ ಸಸಾರಜನಕ ಬೇಕು. ಅದಕ್ಕಾಗಿ ಸಾಕುವವರು ನೊಣ, ಮಿಡತೆಗಳನ್ನು ಕೊಂದು ಹಾಕುತ್ತಾರೆ. ಒಂದು ಜೀವದ ಮೇಲಿನ ಅಕ್ಕರೆ ಇನ್ನೊಂದರ ವಧೆಯಾಗಿ ಪರಿಣಮಿಸುತ್ತದೆ. ಬಯಲಿನಲ್ಲಿಯೂ ಇರುವೆ ಹುಳುಗಳನ್ನು ಹಿಡಿಯುವುದಿಲ್ಲವೇ ಎಂದರೆ, ಹಿಡಿಯುತ್ತದೆ. ಆದರೆ ಅಲ್ಲಿ ಮನುಷ್ಯನ ಸಂಕಲ್ಪವಿಲ್ಲ, ಇಲ್ಲಿ ಇದೆ. ಪ್ರಮತ್ತಯೋಗದಿಂದಾಗುವ ಪ್ರಾಣಘಾತವೇ ಹಿಂಸೆಯೆಂಬ ಸೂತ್ರದ ಮಾತು ಇಲ್ಲಿಗೆ ನೇರವಾಗಿ ಸಲ್ಲುತ್ತದೆ.

ಹಾಗಾದರೆ ಇರುವೆಯ ಮೇಲಿನ ಪ್ರೀತಿಗೆ ದಾರಿಯೇ ಇಲ್ಲವೇ? ಹಳೆಯ ದಾರಿಯೊಂದಿದೆ. ರಾಜಸ್ಥಾನದ ಕಡೆಯಿಂದ ವ್ಯಾಪಾರಕ್ಕಾಗಿ ಕನ್ನಡನಾಡಿಗೆ ಬಂದು ನೆಲೆಸಿದ ಕುಟುಂಬಗಳ ಮೂಲಸೀಮೆಯಲ್ಲಿ ಇರುವೆಯ ಗೂಡನ್ನು ‘ಕೀಡಿ ನಗರಾ’ ಎಂದು ಕರೆದು, ಅದರ ಬಳಿ ಹಿಟ್ಟು ಸಕ್ಕರೆ ಚೆಲ್ಲುವ ವಾಡಿಕೆಯುಂಟು. ಕನ್ನಡದ ಮನೆಗಳಲ್ಲಿ ಹೊಸ್ತಿಲ ಮುಂದೆ ಅಕ್ಕಿಹಿಟ್ಟಿನ ರಂಗೋಲಿ ಇಡುವುದಕ್ಕೂ ಇರುವೆಗೆ ಒಂದಿಷ್ಟು ಸಿಗಲೆಂಬ ಅರ್ಥವನ್ನು ಹಿರಿಯರು ಹೇಳುತ್ತಾರೆ. ಈ ಎರಡರಲ್ಲಿಯೂ ದಾನವಿದೆ, ಒಡೆತನವಿಲ್ಲ. ಇರುವೆ ಬರುತ್ತದೆ, ಕೊಂಡೊಯ್ಯುತ್ತದೆ. ಆದರೂ ಜನ ನಡೆದಾಡುವ ದಾರಿಯಲ್ಲಿ ಸಕ್ಕರೆ ಚೆಲ್ಲಿದರೆ ದಾನವೇ ಕಾಲ್ತುಳಿತಕ್ಕೆ ಕಾರಣವಾದೀತು. ಗೂಡಿನ ಬಳಿ, ಮರದ ಬುಡದಲ್ಲಿ, ಅಲ್ಪವಾಗಿ ಹಾಕುವುದೇ ವಿವೇಕ.

ಈ ವಿಮರ್ಶೆ ಮಕ್ಕಳನ್ನು ಮಾತ್ರ ಕುರಿತದ್ದಾಗಬಾರದು. ಗಾಜಿನ ಗೂಡನ್ನು ನಿಷೇಧಿಸಿದ ಹಿರಿಯರೇ ಅಡುಗೆಮನೆಯಲ್ಲಿ ವಿಷದ ಸೀಮೆಸುಣ್ಣದ ಗೆರೆ ಎಳೆದರೆ ಉಪದೇಶಕ್ಕೆ ಬೆಲೆಯೆಲ್ಲಿ? ಬಸದಿಗಳಲ್ಲಿ ಹಾಲು, ಕಬ್ಬಿನ ರಸಗಳ ಅಭಿಷೇಕವಾದ ಬಳಿಕ ನೆಲವನ್ನು ಕೂಡಲೇ ಒರೆಸದೆ ಬಿಟ್ಟು, ಇರುವೆ ಮುತ್ತಿದ ಮೇಲೆ ಕೊಡಗಟ್ಟಲೆ ನೀರು ಸುರಿಯುವುದೂ ಪ್ರಮಾದವೇ. ಬೆಲ್ಲದ ಡಬ್ಬಿಯ ಮುಚ್ಚಳ ಭದ್ರವಾಗಿರುವುದು, ಒಲೆ ಹಚ್ಚುವ ಮುನ್ನ ಸೌದೆ ಕೊಡವಿ ನೋಡುವುದು, ಮೆದುವಾದ ಪೊರಕೆಯಿಂದ ನೆಲ ಗುಡಿಸುವುದು: ಟ್ರಸ್ಟುಗಳು ತಮ್ಮ ಸೇವಕರಿಗೆ ಕಲಿಸಬೇಕಾದ ಅಹಿಂಸೆ ಇದು.

ಇರುವೆಯನ್ನು ನೋಡಬೇಕೆನ್ನುವ ಮಗುವನ್ನು ಹರಿಹರದ ತುಂಗಭದ್ರೆಯ ದಡಕ್ಕೋ ಮನೆಯ ಹಿತ್ತಿಲಿಗೋ ಕರೆದೊಯ್ದು, ಭೂತಗನ್ನಡಿ ಕೈಗಿತ್ತು ಸಾಲಿನ ಪಕ್ಕದಲ್ಲಿ ಕೂರಿಸಬಹುದು. ಅಲ್ಲಿ ಜ್ಞಾನಕ್ಕೆ ಕೊರತೆಯಿಲ್ಲ, ಇರುವೆಗೆ ಸೆರೆಯೂ ಇಲ್ಲ. ಸಂಜೆ ಮಗು ಮನೆಗೆ ಮರಳಿದಾಗ ಇರುವೆಯೂ ತನ್ನ ಮನೆ ಸೇರಿರುತ್ತದೆ.