ತನಗೇ ಜಾಗ ಇಲ್ಲದ ತಂಡ ಕಟ್ಟಿದವನು

ಫುಟ್‌ಬಾಲಿಗೆ ಕಂಪ್ಯೂಟರ್ ತಂದವನು ಅಂದ ಕೂಡಲೇ ನಮ್ಮ ಸಾಫ್ಟ್‌ವೇರ್ ಮಂದಿಗೆ ವ್ಯಾಲೆರಿ ಲೋಬನೋವ್‌ಸ್ಕಿ ಇಷ್ಟವಾಗಿಬಿಡ್ತಾನೆ. ನನಗೂ ಇಷ್ಟವೇ. ಆದರೆ ಅವನ ಮೇಲಿನ ಹೊಗಳಿಕೆಗಳಲ್ಲಿ ಅರ್ಧ ಕಥೆ ಮಾತ್ರ ಇರುತ್ತದೆ ಅನ್ನೋದು ನನ್ನ ತಕರಾರು.

1939ರಲ್ಲಿ ಕೀವ್‌ನಲ್ಲಿ ಹುಟ್ಟಿದ ಈತ ಡೈನಮೋ ಕೀವ್ ತಂಡದ ಎಡಗಡೆಯ ವಿಂಗರ್. ಅವನು ಹೊಡೆದ ಕಾರ್ನರ್ ಕಿಕ್ ಗಾಳಿಯಲ್ಲಿ ತಿರುಗಿ, ಗೋಲಿನ ಹತ್ತಿರ ಒಣ ಎಲೆಯ ಹಾಗೆ ಇಳಿಯುತ್ತಿತ್ತು. 1961ರಲ್ಲಿ ಸೋವಿಯತ್ ಲೀಗ್ ಪ್ರಶಸ್ತಿ ಮೊದಲ ಸಲ ಮಾಸ್ಕೋ ದಾಟಿ ಹೊರಗೆ ಬಂತಲ್ಲ, ಆಗ ಗೆದ್ದದ್ದು ಇವನ ತಂಡವೇ. 1964ರಲ್ಲಿ ವಿಕ್ಟರ್ ಮಾಸ್ಲೋವ್ ಕೋಚ್ ಆಗಿ ಬಂದ. ಎಲ್ಲರೂ ಓಡಬೇಕು, ಎಲ್ಲರೂ ಚೆಂಡು ಕಸಿಯಬೇಕು ಅನ್ನೋದು ಅವನ ಪದ್ಧತಿ. ಅಂಚಿನಲ್ಲಿ ನಿಂತು ಚೆಂಡಾಡಿಸುವವನಿಗೆ ಅಲ್ಲಿ ಜಾಗ ಸಿಗಲಿಲ್ಲ. ಲೋಬನೋವ್‌ಸ್ಕಿ ಒಡೆಸಾಕ್ಕೆ ಹೋದ, ಆಮೇಲೆ ಡೊನೆಟ್ಸ್ಕ್‌ಗೆ. 29ನೇ ವಯಸ್ಸಿಗೇ ಆಟ ಬಿಟ್ಟ.

ಆಮೇಲಿನದೇ ಮಜಾ. ಕೋಚ್ ಆದವನು ಮಾಸ್ಲೋವ್‌ಗಿಂತಲೂ ಬಿಗಿಯಾದ ಪದ್ಧತಿ ಕಟ್ಟಿದ. ನಿಪ್ರೊ ತಂಡದಲ್ಲಿದ್ದಾಗ ಜೊತೆಯಾದ ವಿಜ್ಞಾನಿ ಅನಾತೊಲಿ ಜೆಲೆಂತ್ಸೋವ್‌ನನ್ನು ಕೀವ್‌ಗೂ ಕರೆತಂದ. ಪಂದ್ಯ ಅಂದರೆ ತಲಾ 11 ಭಾಗಗಳ ಎರಡು ವ್ಯವಸ್ಥೆಗಳ ಗುದ್ದಾಟ. ಭಾಗಗಳ ಮೊತ್ತಕ್ಕಿಂತ ಅವುಗಳ ಹೊಂದಾಣಿಕೆ ದೊಡ್ಡದು ಅನ್ನೋದು ಇವರ ವಾದ. ಯಾರು ಎಷ್ಟು ಸಲ ಚೆಂಡು ಕಸಿದರು, ಎಷ್ಟು ಸಲ ಕಳೆದುಕೊಂಡರು, ಎಲ್ಲಕ್ಕೂ ಲೆಕ್ಕ. 1975ರಲ್ಲಿ ಕಪ್ ವಿನ್ನರ್ಸ್ ಕಪ್ ಬಂತು. ಸೂಪರ್ ಕಪ್‌ನಲ್ಲಿ ಬಯರ್ನ್ ಮ್ಯೂನಿಕ್ ಮೇಲೆ ಎರಡು ಪಂದ್ಯದಲ್ಲಿ ಮೂರು ಗೋಲು, ಮೂರೂ ಬ್ಲೋಖಿನ್‌ನದು.

ಮರುವರ್ಷವೇ ಲೆಕ್ಕ ಕೈಕೊಟ್ಟಿತು. 1976ರಲ್ಲಿ ಹೆಚ್ಚುಕಡಿಮೆ ಅದೇ ಹುಡುಗರು ಯುರೋಪಿಯನ್ ಕಪ್ಪೂ ಆಡಬೇಕು, ಸೋವಿಯತ್ ಒಲಿಂಪಿಕ್ ತಂಡಕ್ಕೂ ಆಡಬೇಕು. ಸೇಂತ್ ಎತಿಯೆನ್ ವಿರುದ್ಧ ಮನೆಯಲ್ಲಿ 2-0 ಗೆದ್ದು, ಫ್ರಾನ್ಸಿನಲ್ಲಿ 0-3 ಸೋತರು. ಮಾಂಟ್ರಿಯಲ್‌ನಲ್ಲಿ ಕಂಚು ಮಾತ್ರ. ದಣಿದ ಆಟಗಾರರು ಕೋಚ್‌ಗಳ ವಿರುದ್ಧವೇ ತಿರುಗಿಬಿದ್ದರು. ನಮ್ಮ ಹಳ್ಳಿಯಲ್ಲಿ ಎತ್ತು ಕಟ್ಟಿ ಹೂಡುವವರು ದಿನಕ್ಕೆ ಎಷ್ಟು ಉಳುಮೆ ಆಯ್ತು ಅಂತ ನೋಡೋದು ಸರಿಯೇ, ಆದರೆ ಸಂಜೆ ನೊಗ ಇಳಿಸಿದ ಮೇಲೆ ಎತ್ತಿನ ಹೆಗಲ ಮೇಲೆ ಕೈಯಾಡಿಸುತ್ತಾರೆ. ಬಾವು ಬಂದಿದ್ದರೆ ನಾಳೆ ರಜೆ. ಡ್ಯಾಶ್‌ಬೋರ್ಡ್ ನೋಡಿ ನಮ್ಮನ್ನು ಅಳೆಯುವ ಮ್ಯಾನೇಜರ್‌ಗಳಿಗೂ ಈ ಎರಡನೇ ಕೆಲಸವೇ ಮರೆತುಹೋಗೋದು.

ಎದುರು ವಾದವೂ ಇದೆ, ಗಟ್ಟಿಯಾಗೇ ಇದೆ. ಬ್ಲೋಖಿನ್ 1975ರಲ್ಲಿ, ಬೆಲಾನೋವ್ 1986ರಲ್ಲಿ ಯುರೋಪಿನ ಅತ್ಯುತ್ತಮ ಆಟಗಾರರಾದರು, 2004ರಲ್ಲಿ ಶೆವ್‌ಚೆಂಕೊ. ಮೂವರೂ ಇವನ ಕೈಯಲ್ಲಿ ಪಳಗಿದವರು. 1997ರಲ್ಲಿ ಬಾರ್ಸಿಲೋನಾದ ನೆಲದಲ್ಲೇ 4-0, ಅದರಲ್ಲಿ ಶೆವ್‌ಚೆಂಕೊನ ಹ್ಯಾಟ್ರಿಕ್. ಯಂತ್ರ ಮಾತ್ರ ಕಟ್ಟುವವನಿಗೆ ಇಂಥವರು ಹುಟ್ಟುತ್ತಾರಾ? ಇಲ್ಲ, ಒಪ್ಪುತ್ತೇನೆ. ಆದರೆ ಈ ಮೂವರೂ ಮೊದಲಿಗೇ ಮಿಂಚಿನ ವೇಗದವರು. ಅವರ ಪ್ರತಿಭೆ ಲೆಕ್ಕಕ್ಕೆ ಸಿಗುವಂಥದ್ದು. ಒಣ ಎಲೆಯ ಹಾಗೆ ಚೆಂಡು ಇಳಿಸುವ ಕೈಚಳಕಕ್ಕೆ, ಅಲ್ಲ, ಕಾಲ್ಚಳಕಕ್ಕೆ ಯಾವ ಕಾಲಮ್ಮಿನಲ್ಲಿ ಅಂಕ ಕೊಡ್ತೀರಿ?

2002ರ ಮೇ ತಿಂಗಳಲ್ಲಿ ಜಪರೋಷ್ಯದಲ್ಲಿ ಪಂದ್ಯ ನಡೆಯುತ್ತಿದ್ದಾಗಲೇ ಕುಸಿದ ಲೋಬನೋವ್‌ಸ್ಕಿ ಕೆಲವೇ ದಿನಗಳಲ್ಲಿ ತೀರಿಹೋದ. ಮರುವರ್ಷ ಚಾಂಪಿಯನ್ಸ್ ಲೀಗ್ ಗೆದ್ದ ಶೆವ್‌ಚೆಂಕೊ ಪದಕ ಹಿಡಿದು ಗುರುವಿನ ಸಮಾಧಿಗೆ ಹೋದ. ಆಯ್ಕೆಯಾದವರ ಋಣ ಅದು, ದೊಡ್ಡದೇ. 1961ರ ಆ ಎಡ ವಿಂಗರ್‌ನಂಥವನು ಯಾರಾದರೂ ಇವನ ಟ್ರಯಲ್‌ಗೆ ಬಂದು, ಲೆಕ್ಕದಲ್ಲಿ ಕಮ್ಮಿ ಬಿದ್ದು ವಾಪಸ್ ಹೋಗಿದ್ದರೆ, ಅವನ ಹೆಸರು ನಮಗೆ ಗೊತ್ತಾಗೋದಾದರೂ ಹೇಗೆ?