ಬಣ್ಣದ ಬಿಲ್ಲೆಗಳು ಮತ್ತು ಮಕ್ಕಳ ಪ್ರಶ್ನೆ

ನಿಮ್ಮ ಮನೆಯ ಮುಂಬಾಗಿಲಿನ ಮೇಲೆ ಯೇಸುಸ್ವಾಮಿಯ ಪವಿತ್ರ ಹೃದಯದ ಅಥವಾ ಮಾತೆ ಮರಿಯಮ್ಮನವರ ಚಿತ್ರವುಳ್ಳ ಟೈಲ್ಸ್ ಇರಬಹುದು. ಗೃಹಪ್ರವೇಶದ ದಿನ ಗುರುಗಳು ಅದರ ಮೇಲೆ ತೀರ್ಥ ಪ್ರೋಕ್ಷಿಸಿಯೂ ಇರಬಹುದು. ಅದರ ಮುಂದೆ ನಿಂತು, ಕಣ್ಣಿಟ್ಟು ನೋಡಿ ಎಷ್ಟು ದಿನಗಳಾದವು? ಈ ಪ್ರಶ್ನೆಯನ್ನು ನಿಮಗೆ ಕೇಳುವ ಮೊದಲು ನನಗೇ ಕೇಳಿದವರು ಮಕ್ಕಳು.

ಕಳೆದ ಬೇಸಿಗೆಯ ರಜೆಯಲ್ಲಿ ಮಸ್ಕಿಗೆ ಸಮೀಪದ ಸಂತೆಕಲ್ಲೂರಿನ 11 ಮಕ್ಕಳಿಗೆ ಒಂದು ಸಣ್ಣ ಕೆಲಸ ಒಪ್ಪಿಸಿದ್ದೆ: ನೀವು ಕಂಡ ಬಣ್ಣದ ಬಿಲ್ಲೆಗಳನ್ನೆಲ್ಲ ಒಂದು ವಹಿಯಲ್ಲಿ ಬರೆದು ತನ್ನಿ, ಎಲ್ಲಿ ಹಚ್ಚಿದ್ದಾರೆ, ಯಾತಕ್ಕಾಗಿ ಹಚ್ಚಿದ್ದಾರೆ ಎಂದು ಸೇರಿಸಿ ಬರೆಯಿರಿ. ಮೂರು ದಿನಗಳಲ್ಲಿ ವಹಿ ತುಂಬಿತು. ಅಡುಗೆಮನೆಯ ಒಲೆಕಟ್ಟೆಯ ಹಿಂದೆ ಎಣ್ಣೆಜಿಡ್ಡು ಒರೆಸಲು, ಬಚ್ಚಲಿನಲ್ಲಿ ನೀರು ಇಂಗದಿರಲು, ಗುಡಿಯ ಗೋಡೆಗೆ ಚೆಂದಕ್ಕೆ, ಸಮಾಧಿಗಳ ಮೇಲೆ ನೆನಪಿಗೆ. ಕೊನೆಯಲ್ಲಿ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಫಾದರ್, ಪ್ಯಾಟ್ಯಾಗ ಒಂದು ಗ್ವಾಡಿಗೆ ಯೇಸುಸ್ವಾಮಿ, ಕೃಷ್ಣ, ಮೆಕ್ಕಾ ಮೂರೂ ಹಚ್ಚ್ಯಾರ. ಅಲ್ಲಿ ಯಾರೂ ಉಚ್ಚಿ ಹೊಯ್ಯಬಾರ್ದಂತ. ಅದರ ಮುಂದ ಹೋಗುವಾಗ ನಾವು ಶಿಲುಬಿ ಗುರ್ತು ಮಾಡಬೇಕೇನ್ರಿ?"

ನಾನು ಉತ್ತರಿಸಲಿಲ್ಲ. ಮೊದಲು ಬಿಲ್ಲೆ ಎಂದರೇನು ಎಂಬುದನ್ನು ಕಲಿಯೋಣ ಎಂದು ಹೇಳಿ ಮಾತು ಮುಂದೂಡಿದೆ. ಅದಕ್ಕೆ ಕಾರಣವಿತ್ತು, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಕಲಿಕೆಗೆ ದೂರ ಹೋಗಬೇಕಿರಲಿಲ್ಲ. 1915ರಲ್ಲಿ ಅಶೋಕನ ಹೆಸರುಳ್ಳ ಶಾಸನ ಬೆಳಕಿಗೆ ಬಂದ ಮಸ್ಕಿಯಲ್ಲಿ, 1954ರ ಉತ್ಖನನದ ವೇಳೆ ಬೃಹತ್ ಶಿಲಾಯುಗದ ಕಪ್ಪು-ಕೆಂಪು ಮಡಕೆಗಳೂ ದೊರೆತವು. ಒಂದೇ ಮಡಕೆಯ ಒಳಮೈ ಕಪ್ಪು, ಹೊರಮೈ ಕೆಂಪು. ಮಡಕೆಯನ್ನು ಬೋರಲು ಹಾಕಿ ಸುಟ್ಟಾಗ ಗಾಳಿ ತಗುಲದ ಭಾಗ ಕಪ್ಪಾಗುತ್ತದೆ, ಗಾಳಿಯಾಡಿದ ಭಾಗ ಕೆಂಪಾಗುತ್ತದೆ ಎಂದು ವಿವರಿಸಿದಾಗ ಮಕ್ಕಳ ಕಣ್ಣರಳಿದವು. ಬಣ್ಣವೆಂದರೆ ಮೇಲೆ ಬಳಿಯುವುದು ಮಾತ್ರವಲ್ಲ, ಬೆಂಕಿಯಲ್ಲಿ ಹುಟ್ಟುವುದೂ ಉಂಟು ಎಂಬುದು ಅವರ ಮೊದಲ ಪಾಠ.

ಎರಡನೆಯದು ಮೆರುಗಿನ ಪಾಠ. ನುಣುಪಾದ ಮರಳಿನ ಪುಡಿಗೆ ಕ್ಷಾರ ಬೆರೆಸಿ, ಸುಟ್ಟ ಮಣ್ಣಿನ ಮೇಲೆ ಲೇಪಿಸಿ ಮತ್ತೆ ಕಾಯಿಸಿದರೆ ಅದು ಕರಗಿ ಗಾಜಾಗಿ ಅಂಟಿಕೊಳ್ಳುತ್ತದೆ. ಅದರಲ್ಲಿ ಕೋಬಾಲ್ಟ್ ಇದ್ದರೆ ಕಡುನೀಲಿ, ತಾಮ್ರವಿದ್ದರೆ ತಿಳಿನೀಲಿ-ಹಸಿರು, ತವರವಿದ್ದರೆ ಹಾಲಿನಂಥ ಬಿಳುಪು. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಶನ್ನಿನವರು ಆರಂಭಿಸಿದ ಕಾರ್ಖಾನೆಯ ಹೆಂಚೂ ಸುಟ್ಟ ಮಣ್ಣೇ. ಆದರೆ ಅದಕ್ಕೆ ಈ ಮೆರುಗಿಲ್ಲ, ಮಳೆಯಿಂದ ಮನೆಯನ್ನು ಕಾಯುವುದೇ ಅದರ ಹಿರಿಮೆ. ಹಳೆಯ ಮನೆಗಳ, ದೇವಾಲಯಗಳ ನೆಲದಲ್ಲಿ ಕಾಣುವ ಹೂವಿನ ಬಿಲ್ಲೆಗಳು ಎಷ್ಟೋ ಸಲ ಸಿಮೆಂಟಿನವು. ಅವುಗಳನ್ನು ಅಚ್ಚಿನಲ್ಲಿ ಒತ್ತಿ, ನೀರಿನಲ್ಲಿ ನೆನೆಸಿ ಗಟ್ಟಿಮಾಡುತ್ತಾರೆಯೇ ಹೊರತು ಸುಡುವುದಿಲ್ಲ. ಈ ವ್ಯತ್ಯಾಸ ತಿಳಿದ ಮೇಲೆ ಮಕ್ಕಳು ವಹಿಯ ಅನೇಕ ಸಾಲುಗಳನ್ನು ಹೊಡೆದುಹಾಕಿ ಮತ್ತೆ ಬರೆದರು.

ಆಮೇಲೆ ನಾವು ಬೀದರಿಗೆ ಹೋದೆವು. ಮೆರುಗಿನ ಬಿಲ್ಲೆಯ ಕಲೆಯನ್ನು ಕರ್ನಾಟಕದಲ್ಲಿ ನೋಡಬೇಕೆಂದರೆ ಮಹಮೂದ್ ಗವಾನನ ಮದರಸಾವನ್ನು ನೋಡಬೇಕು. ಪರ್ಷಿಯಾದ ಗೀಲಾನಿನಿಂದ ಬಂದು ಬಹಮನಿ ರಾಜ್ಯದ ಮಂತ್ರಿಯಾದ ಗವಾನ್ 1472ರಲ್ಲಿ ಇದನ್ನು ಕಟ್ಟಿಸಿದನು. ಮೂರು ಅಂತಸ್ತು, ನಡುವೆ ವಿಶಾಲ ಅಂಗಳ, ಅದರ ಸುತ್ತ ವಿದ್ಯಾರ್ಥಿಗಳ ಕೋಣೆಗಳು, ಒಂದು ಗ್ರಂಥಾಲಯ. ಸುಳ್ಳು ಪತ್ರವೊಂದನ್ನು ನಂಬಿದ ಸುಲ್ತಾನನು 1481ರಲ್ಲಿ ಗವಾನನನ್ನು ಕೊಲ್ಲಿಸಿದನು. 1696ರಲ್ಲಿ, ಮೊಗಲರ ಕಾಲದಲ್ಲಿ, ಅಲ್ಲಿ ಕೂಡಿಟ್ಟಿದ್ದ ಸಿಡಿಮದ್ದಿಗೆ ಸಿಡಿಲು ಬಡಿದು ಕಟ್ಟಡದ ಒಂದು ಪಾರ್ಶ್ವ ಸಿಡಿದುಹೋಯಿತು. ಈಗ ಉಳಿದಿರುವುದು ಒಂದೇ ಮಿನಾರು.

ಉಳಿದಷ್ಟರಲ್ಲಿಯೇ ಎಂಥ ವಿವೇಕ! ದಪ್ಪನೆಯ ದುಂಡು ಮಿನಾರಿನ ಮೈಮೇಲೆ ಬಿಲ್ಲೆಗಳು ಓರೆಯಾಗಿ, ಅಂಕುಡೊಂಕು ಗೆರೆಗಳಾಗಿ ಸಾಗುತ್ತವೆ. ಆ ಗೆರೆಗಳನ್ನು ಹಿಡಿದು ನೋಟ ತಾನಾಗಿ ಮೇಲೇರುತ್ತದೆ. ಅಷ್ಟು ಭಾರದ ಗೋಪುರ ಹಗುರವಾಗಿ ತೋರುತ್ತದೆ. ಗೋಡೆಯ ಮೇಲ್ಭಾಗದಲ್ಲಿ ಕುರಾನಿನ ವಚನಗಳ ಪಟ್ಟಿ; ದೂರದಿಂದ ಬರುವವನಿಗೂ ಕಾಣುವಷ್ಟು ದೊಡ್ಡ ಅಕ್ಷರ. ಇದು ಓದುವವರ ಮನೆ, ಆದ್ದರಿಂದ ಗೋಡೆಯೇ ಓದಿಸುತ್ತದೆ. ಬಿಲ್ಲೆ ಉದುರಿದಲ್ಲಿ ಬೋಳು ಗೋಡೆ ಕಾಣುತ್ತದೆ ನಿಜ. ಆದರೆ ಉಳಿದ ಒಂದೊಂದು ತುಣುಕೂ ತನ್ನ ಜಾಗ ಯಾವುದೆಂದು ಬಲ್ಲದು. ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿಯೂ ಇದೇ ಮಾತು. ಅಲ್ಲಿ ಬಣ್ಣಬಣ್ಣದ ಬಿಲ್ಲೆಗಳನ್ನು ಕತ್ತರಿಸಿ, ಚೂರುಗಳನ್ನು ಒಂದಕ್ಕೊಂದು ಹೊಂದಿಸಿ ಹೂಬಳ್ಳಿ ಬಿಡಿಸಿದ್ದಾರೆ. ಆ ಚೂರನ್ನು ಬೇರೆ ಗೋಡೆಗೆ ಒಯ್ದರೆ ಅದಕ್ಕೆ ಅರ್ಥವಿಲ್ಲ.

ಈ ಕಲೆ ಅನ್ಯರದು, ನಮಗೇಕೆ ಎಂದು ಯಾರೂ ಹೇಳದಿರಲಿ. ಅರಬ್ಬರ ಬಿಲ್ಲೆಗೆಲಸ ಸ್ಪೇನಿನ ಮಾರ್ಗವಾಗಿ ಪೋರ್ಚುಗಲ್ಲಿಗೆ ಹೋಗಿ 'ಅಜುಲೇಜು' ಆಯಿತು. ಆ ಹೆಸರಿನ ಮೂಲವೇ ಅರಬ್ಬಿ. ಅಲ್ಲಿನ ದೇವಾಲಯಗಳ ಗೋಡೆಗಳಲ್ಲಿ ಸಂತರ ಚರಿತ್ರೆಗಳು ನೀಲಿ-ಬಿಳಿ ಬಿಲ್ಲೆಗಳಲ್ಲಿ ಮೂಡಿದವು. ಪಣಜಿಯ ಮೆನೆಜಿಸ್ ಬ್ರಗಾಂಜಾ ಸಂಸ್ಥೆಯ ಪ್ರವೇಶದ್ವಾರದಲ್ಲಿ, ಕಮೋಯಿಶ್ ಕವಿಯ ಮಹಾಕಾವ್ಯದ ದೃಶ್ಯಗಳನ್ನು ತೋರುವ 1935ರ ಬಿಲ್ಲೆಚಿತ್ರಗಳನ್ನು ಇಂದಿಗೂ ನೋಡಬಹುದು. ಒಂದೇ ಕಲೆಯ ಒಂದು ಕವಲು ಬೀದರಿಗೂ ಇನ್ನೊಂದು ಗೋವೆಗೂ ಬಂದು ತಲುಪಿದೆ.

ಹಾಗಾದರೆ ನಮ್ಮ ಇಂದಿನ ಬಿಲ್ಲೆಗಳ ದೋಷವೇನು? ಯಂತ್ರದಿಂದ ಅಚ್ಚಾಗಿವೆ ಎಂಬುದು ದೋಷವಲ್ಲ. ಗುಜರಾತಿನ ಮೋರ್ಬಿಯಂಥ ಕಡೆಯಿಂದ ಬರುವ ಅಗ್ಗದ ಬಿಲ್ಲೆಗಳು ಬಡವರ ಬಚ್ಚಲನ್ನೂ ಒಲೆಕಟ್ಟೆಯನ್ನೂ ಶುಚಿಯಾಗಿಟ್ಟಿವೆ. ಅದನ್ನು ಹೀಗಳೆಯುವ ಹಕ್ಕು ನನಗಿಲ್ಲ. ದೋಷವಿರುವುದು, ಚಿತ್ರವನ್ನು ಯಾವ ಗೋಡೆಗೆ, ಯಾವ ಉದ್ದೇಶಕ್ಕೆ ಎಂದು ಯೋಚಿಸದೆ ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದು ಹಚ್ಚುವುದರಲ್ಲಿ. ಬೀದರಿನ ಗೋಡೆ ತಾನು ಯಾತಕ್ಕಾಗಿ ಇದ್ದೇನೆಂದು ಹೇಳುತ್ತದೆ. ನಮ್ಮ ಪೇಟೆಯ ಗೋಡೆ ನಾವು ಏನನ್ನು ಮಾಡದೆ ಬಿಟ್ಟಿದ್ದೇವೆಂದು ಹೇಳುತ್ತದೆ: ಇಲ್ಲಿ ಶೌಚಾಲಯವಿಲ್ಲ, ಅದಕ್ಕಾಗಿ ದೇವರನ್ನು ಕಾವಲಿಗೆ ನಿಲ್ಲಿಸಿದ್ದೇವೆ!

ಪ್ರತಿಮೆಗೆ ಸಲ್ಲಿಸಿದ ಗೌರವವು ಅದು ಯಾರದೋ ಅವರಿಗೆ ತಲುಪುತ್ತದೆ ಎಂದು 787ರ ಎರಡನೆಯ ನಿಸಿಯಾ ಮಹಾಸಭೆ ಬೋಧಿಸಿತು. ಇದನ್ನು ನಾವು ಧರ್ಮೋಪದೇಶದ ತರಗತಿಗಳಲ್ಲಿ ಹೇಳಿಕೊಡುತ್ತೇವೆ. ಗೌರವ ತಲುಪುವುದಾದರೆ, ಚಿತ್ರವನ್ನು ಮೂತ್ರದ ತಡೆಗೋಡೆಯಾಗಿ ಬಳಸಿದ್ದು ಯಾರಿಗೆ ತಲುಪುತ್ತದೆ? ಆ ಹುಡುಗಿಯ ಪ್ರಶ್ನೆಯಲ್ಲಿ ಈ ತರ್ಕವೇ ಇತ್ತು. ನನ್ನ ಗುರುಮಠದ ಅಷ್ಟೂ ವರ್ಷಗಳ ದೈವಶಾಸ್ತ್ರವನ್ನು ಅವಳು ಒಂದು ವಾಕ್ಯದಲ್ಲಿ ನನ್ನ ಮುಂದಿಟ್ಟಿದ್ದಳು.

ಈಗ ಆ ಕಾರಣವನ್ನು ಹೇಳಬೇಕು. ಅಂಥದೊಂದು ಗೋಡೆಯನ್ನು ನಾನೇ ಮಾಡಿಸಿದ್ದೇನೆ. ಹಿಂದೆ ಸೇವೆ ಸಲ್ಲಿಸಿದ ಒಂದು ಧರ್ಮಕೇಂದ್ರದಲ್ಲಿ ಕಾಂಪೌಂಡು ಗೋಡೆಯ ದುರ್ವಾಸನೆ ತಾಳಲಾರದೆ, ಮೂರು ಧರ್ಮಗಳ ಚಿತ್ರಗಳನ್ನು ಸಾಲಾಗಿ ಹಚ್ಚಿಸಿದೆ. ವಾರದೊಳಗೆ ಗೋಡೆ ಶುಚಿಯಾಯಿತು. ಜನ ಹೊಗಳಿದರು, ನಾನು ಹಿಗ್ಗಿದೆ; ಅದನ್ನು ಸರ್ವಧರ್ಮ ಸಮನ್ವಯವೆಂದೂ ಕರೆದೆ. ಸಂತೆಯ ದಿನ ದೂರದ ಹಳ್ಳಿಗಳಿಂದ ಬಂದವರು, ಅವರಲ್ಲೂ ಹೆಣ್ಣುಮಕ್ಕಳು, ಎಲ್ಲಿಗೆ ಹೋಗಬೇಕೆಂದು ಮಾತ್ರ ಯೋಚಿಸಲಿಲ್ಲ.

ಬೀದರಿನಿಂದ ಮರಳುವಾಗ ವಾಹನದಲ್ಲಿ ಇದನ್ನು ಮಕ್ಕಳಿಗೆ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅದೇ ಹುಡುಗಿ, "ಹಂಗಾದ್ರ ಕಿತ್ತು ಬಿಡ್ರಿ ಫಾದರ್" ಎಂದಳು. ಸಿಮೆಂಟಿನಲ್ಲಿ ಕೂತ ಬಿಲ್ಲೆ ಒಡೆಯದೆ ಬರುವುದಿಲ್ಲ ಎಂದು ಇನ್ನೊಬ್ಬನು ನೆನಪಿಸಿದನು; ಅವನ ತಂದೆ ಗೌಂಡಿ ಕೆಲಸದವರು. ಒಡೆದ ಚೂರುಗಳನ್ನು ಏನು ಮಾಡುವುದು ಎಂಬ ಚರ್ಚೆ ಲಿಂಗಸುಗೂರು ದಾಟುವವರೆಗೂ ನಡೆಯಿತು.

ಆ ಧರ್ಮಕೇಂದ್ರದ ಈಗಿನ ಗುರುಗಳಿಗೆ ಪತ್ರ ಬರೆದಿದ್ದೇನೆ. ಮೊದಲು ಅಲ್ಲೊಂದು ಶೌಚಾಲಯ ಆಗಲಿ, ಖರ್ಚಿನಲ್ಲಿ ನನ್ನ ಪಾಲನ್ನು ಕೊಡುತ್ತೇನೆ. ಅದು ಆದ ದಿನ ಬಿಲ್ಲೆಗಳನ್ನು ತೆಗೆಸಿ, ಚೂರುಗಳನ್ನು ಗೌರವದಿಂದ ಮಣ್ಣಿನಲ್ಲಿ ಹೂಳಿಸಿರಿ ಎಂದು ಕೇಳಿಕೊಂಡಿದ್ದೇನೆ. ವಾಚಕರೇ, ನಿಮ್ಮ ಮನೆಯ ಬಾಗಿಲ ಮೇಲಿನ ಚಿತ್ರವನ್ನು ಯಾರೂ ತೆಗೆಯಬೇಕಾಗಿಲ್ಲ. ಇಂದು ಸಂಜೆ ಮಕ್ಕಳನ್ನು ಅದರ ಮುಂದೆ ನಿಲ್ಲಿಸಿ, ಇದು ಇಲ್ಲಿಯೇ ಏಕೆ ಎಂದು ಅವರು ಕೇಳಿದರೆ ಉತ್ತರ ಹೇಳಿರಿ.