ಹುದುಗಿದ ಸಂಧಿ: ಒಂದು ಪರಿಭಾಷಾ ವಿಮರ್ಶೆ

ಎರಡು ದ್ರವ್ಯಗಳು ಒಂದನ್ನೊಂದು ಕೂಡುವ ಎಡೆಯನ್ನು ಇಂಗ್ಲಿಷಿನಲ್ಲಿ ಇಂಟರ್‌ಫೇಸ್ ಎನ್ನುವರು. ಇದನ್ನು ಕನ್ನಡಿಸಹೊರಟವರಿಗೆ ‘ಅಂತರ್ಮುಖ’ವೆಂಬ ಪದಶಃ ಅನುವಾದವು ಮೊದಲು ಕೈಗೆ ಸಿಕ್ಕುವುದು. ಆದರೆ ಆ ಶಬ್ದವನ್ನು ವೇದಾಂತಿಗಳು ಎಂದೋ ವಶಪಡಿಸಿಕೊಂಡಿರುವರು. ಲೋಹಕ್ಕೆ ಧ್ಯಾನವನ್ನು ಆರೋಪಿಸಿದಂತಾಗುತ್ತದೆ. ಗಣಕಯಂತ್ರದವರ ‘ಸಂಪರ್ಕಸಾಧನ’ವೂ ಸಲ್ಲದು, ಇಲ್ಲಿ ಸಾಧನವೆಂಬುದೇ ಇಲ್ಲ. ‘ಗಡಿರೇಖೆ’ಯೆಂದರೂ ದೋಷವುಂಟು. ಅದೇನೆಂದು ತಿಳಿಯಲು ವಸ್ತುವನ್ನೇ ನೋಡತಕ್ಕದ್ದು.

ಹುಣಸೂರು, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ವಿದ್ಯಾರ್ಥಿಗೆ ನೆರೆಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿರುವ ನಾಮ್‌ಡ್ರೋಲಿಂಗ್ ವಿಹಾರದ ಹೊನ್ನಲೇಪದ ವಿಗ್ರಹಗಳು ದೂರದವಲ್ಲ. ಕಣ್ಣಿಗೆ ಕಾಣುವುದು ಚಿನ್ನ. ಅಡಿಯ ಲೋಹವು ಅದನ್ನು ಹೇಗೆ ಹಿಡಿದುಕೊಂಡಿದೆಯೆಂಬುದು ಕಾಣದು. ಅಂಥದನ್ನು ಸುಲಿಯದೆ ಅರಿಯುವುದೇ ಕ್ಷ-ಕಿರಣದ ಕೆಲಸ. (ವಿಗ್ರಹವು ದೃಷ್ಟಾಂತಮಾತ್ರ. ಮುಂದೆ ಹೇಳುವ ಪ್ರಯೋಗಕ್ಕೆ ಕನ್ನಡಿಯಂತೆ ನಯವಾದ ಚಪ್ಪಟೆ ಫಲಕವೂ ಅದರ ಮೇಲೆ ಅತಿ ತೆಳುವಾದ ಪೊರೆಯೂ ಬೇಕು.)

ಕಿರಣವನ್ನು ಪೊರೆಗೆ ಬಹುಮಟ್ಟಿಗೆ ಸಮಾನಾಂತರವಾಗಿ ಹಾಯಿಸಿದರೆ ಅದು ಒಳಹೊಗದೆ ಪೂರ್ತಿಯಾಗಿ ಹಿಂತಿರುಗುವುದು. 1.54 ಆಂಗ್‌ಸ್ಟ್ರಾಮ್ ಅಲೆಯುದ್ದದ ಕಿರಣಕ್ಕೆ ಚಿನ್ನದಲ್ಲಿ ಈ ಮೇರೆ ಸುಮಾರು ಅರ್ಧ ಡಿಗ್ರಿ. ಕೋನವು ಅದನ್ನು ಮೀರಿದೊಡನೆ ಕಿರಣವು ಒಳಗಿಳಿದು, ಮೇಲ್ಮೈಯಿಂದ ಮರಳಿದ ಭಾಗವೂ ತಳದ ಕೂಡಿಕೆಯಿಂದ ಮರಳಿದ ಭಾಗವೂ ಸೇರಿ ಏರಿಳಿತಗಳನ್ನುಂಟುಮಾಡುವುವು. ನಿಕಲ್ ಪೊರೆಗಳಲ್ಲಿ ಇವನ್ನು ಕೀಸಿಗನು 1931ರಲ್ಲಿ ತೋರಿಸಿದನು. ಏರಿಳಿತಗಳ ಅಂತರವು 0.1 ಡಿಗ್ರಿಯಾದರೆ ಪೊರೆಯ ದಪ್ಪವು ಸುಮಾರು 44 ನ್ಯಾನೋಮೀಟರು.

ದಪ್ಪವನ್ನಳೆಯುವುದು ಹೀಗೆ ಸುಲಭ. ಕೂಡಿಕೆಯ ಸ್ವರೂಪವೇ ಕಷ್ಟ. ಚಿನ್ನದ ಪರಮಾಣುಗಳೂ ತಾಮ್ರದವೂ ಒಂದರೊಳಗೊಂದು ನುಸುಳುವುವು. ಆದುದರಿಂದ ಅಲ್ಲಿರುವುದು ರೇಖೆಯಲ್ಲ, ದಪ್ಪವುಳ್ಳ ಒಂದು ಪ್ರದೇಶ. ‘ಗಡಿರೇಖೆ’ಯ ದೋಷವಿದು. ಇಲ್ಲಿ ನಮ್ಮ ವ್ಯಾಕರಣದ ‘ಸಂಧಿ’ಯೇ ಯೋಗ್ಯವೆಂದು ನನಗೆ ತೋರುತ್ತದೆ. ಶಬ್ದಗಳು ಸೇರುವೆಡೆ ಲೋಪವುಂಟು, ಆಗಮವುಂಟು, ಆದೇಶವುಂಟು. ದ್ರವ್ಯಗಳು ಸೇರುವೆಡೆಯೂ ಒಂದು ಸವೆಯಬಹುದು, ಹೊರಗಿನ ಆಮ್ಲಜನಕವು ನಡುವೆ ಬಂದು ಕೂರಬಹುದು, ಎರಡೂ ಮಾಯವಾಗಿ ಮೂರನೆಯ ಸಂಯುಕ್ತವು ನಿಲ್ಲಬಹುದು.

ಹೋಲಿಕೆಯು ಇಷ್ಟಕ್ಕೆ ಮುಗಿಯದು. ‘ಮರವಿಲ್ಲ’ವೆಂಬುದನ್ನು ಮರ + ಇಲ್ಲ ಎಂದು ಬಿಡಿಸಿದರೆ ವಕಾರವು ಆಗಮ, ಮರವು + ಇಲ್ಲ ಎಂದು ಬಿಡಿಸಿದರೆ ಉಕಾರವು ಲೋಪ. ಕೂಡಿದ ರೂಪವೊಂದನ್ನೇ ನೋಡಿ ಯಾವುದೆಂದು ಹೇಳಲಾಗದು. ಪ್ರತಿಫಲನದಲ್ಲಿಯೂ ನಾವು ಅಳೆಯುವುದು ತೀವ್ರತೆಯನ್ನು ಮಾತ್ರ. ಅಲೆಯ ಹಂತವು ಕಳೆದುಹೋಗಿರುತ್ತದೆ. ಬೇರೆಬೇರೆ ರಚನೆಗಳು ಒಂದೇ ವಕ್ರರೇಖೆಯನ್ನು ಕೊಡಬಲ್ಲುವು. ಸಂಧಿಯು ಒರಟಾಗಿದ್ದರೂ ಪರಮಾಣುಗಳು ಬೆರೆತಿದ್ದರೂ ಕನ್ನಡಿಯಂತೆ ಮರಳುವ ಕಿರಣವು ಒಂದೇ ಬಗೆಯಲ್ಲಿ ಕುಂದುವುದು. ಭೇದವನ್ನು ಕಾಣಲು ಪಕ್ಕಕ್ಕೆ ಚದರಿದ ಕಿರಣಗಳನ್ನೂ ಅಳೆಯಬೇಕು.

‘ಹುದುಗಿದ’ ಎಂಬ ವಿಶೇಷಣವನ್ನು ‘ಸಮಾಧಿಗೊಂಡ’ ಎಂದು ಬದಲಿಸುವ ಚಪಲವೂ ಬೇಡ. ಸಂಧಿಯೆಂದರೆ ಕೀಲುನೋವು ನೆನಪಾಗುವುದೆಂದು ಆಕ್ಷೇಪಿಸುವವರಿರಬಹುದು. ಕೇಶಿರಾಜನನ್ನು ಓದುವಾಗ ಯಾರಿಗೂ ಆ ನೋವು ಬಂದುದಿಲ್ಲ.